ನನಗಿಂತ ವಯಸ್ಸಿನಲ್ಲಿ ದೊಡ್ಡವರಿಗೆ ಕೆಲಸದ ತಪ್ಪು ಹೇಳೋದು ಹೇಗೆ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರಾಗಬೇಡಿ. ಹುಬ್ಬಳ್ಳಿಯ ಐಟಿ ಆಫೀಸಿನಲ್ಲಿ ಹೊಸದಾಗಿ ಟೀಮ್ ಲೀಡ್ ಆಗಿದ್ದೀರಿ. ನಿಮಗಿಂತ 14 ವರ್ಷ ದೊಡ್ಡವರೊಬ್ಬರು ನಿಮ್ಮ ಕೈಕೆಳಗೆ ಬಂದಿದ್ದಾರೆ. ಅವರು ಗ್ರಾಹಕರಿಗೆ ಬರೆಯುವ ಮೇಲ್ ಸರಿ ಇರಲ್ಲ, ಹೇಳೋಕೆ ನಿಮಗೆ ಬಾಯಿ ಬರಲ್ಲ. ಇನ್ನು ಮ್ಯಾನೇಜರ್ ನಿಮಗೇ ಏನಾದರೂ ಅಂದರೆ ರಾತ್ರಿ ನಿದ್ದೆ ಬರಲ್ಲ. ಎರಡೂ ನನಗೆ ಆಗಿದೆ, ಅದಕ್ಕೇ ನಗು.

ನಾನು ಐಟಿಯವನಲ್ಲ. ಗದಗಿನ ಒಂದು ಪ್ರೆಸ್ಸಿನಲ್ಲಿ 19 ವರ್ಷದಿಂದ ಇದ್ದೇನೆ. ಡಿಟಿಪಿ ಆಪರೇಟರ್, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ ಹೊಡೆದು ಪುಟ ಜೋಡಿಸುವವನಾಗಿ ಸೇರಿದೆ, ಈಗ ಆ ವಿಭಾಗ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ದಿನವಿಡೀ ಒಬ್ಬರ ತಪ್ಪನ್ನು ಇನ್ನೊಬ್ಬರು ಹುಡುಕುವುದೇ ಕೆಲಸ. ನೀವು ಫೀಡ್‌ಬ್ಯಾಕ್ ಅಂತೀರಿ, ನಾವು ಪ್ರೂಫ್ ಅಂತೀವಿ, ಅಂದರೆ ಅಚ್ಚಿಗೆ ಮೊದಲು ತಪ್ಪು ನೋಡೋಕೆ ತೆಗೆಯುವ ಪ್ರತಿ.

ಮೊದಲು ನಾನು ಬೈಸಿಕೊಂಡ ಕಥೆ ಹೇಳ್ತೀನಿ. ಸೇರಿ ಎರಡನೇ ವರ್ಷ, ಮದುವೆ ಸೀಸನ್ನು. ಲಗ್ನಪತ್ರಿಕೆ ಮಾಡುವಾಗ ಹಳೆಯ ಫೈಲ್ ತೆಗೆದು ಅದರ ಮೇಲೇ ಹೊಸ ಹೆಸರು ಹೊಡೆಯುತ್ತಿದ್ದೆ. ಬೇಗ ಮುಗಿಯುತ್ತೆ ಅಲ್ವಾ. ಹಿಂದಿನ ಪತ್ರಿಕೆಯಲ್ಲಿ ಅಜ್ಜನ ಹೆಸರಿಗೆ ಮೊದಲು ‘ಲಿಂ.’ ಅಂತ ಇತ್ತು, ಅಂದರೆ ಲಿಂಗೈಕ್ಯ. ಹೆಸರು ಬದಲಿಸಿದೆ, ‘ಲಿಂ.’ ಹಾಗೇ ಉಳಿಯಿತು. ಗಟ್ಟಿಮುಟ್ಟಾಗಿದ್ದ ಅಜ್ಜನನ್ನು 600 ಕಾರ್ಡಿನಲ್ಲಿ ಸಾಯಿಸಿಬಿಟ್ಟೆ.

ಕಾರ್ಡು ಹಿಡಿದುಕೊಂಡು ಆ ಅಜ್ಜನೇ ಬಂದರು. “ತಮ್ಮಾ, ನಾ ಯಾವಾಗ ತೀರ್ಕೊಂಡ್ನಿ? ನನಗ ಯಾರೂ ಹೇಳೇ ಇಲ್ಲಲ್ಲ” ಅಂದರು. ಅವರು ನಗುತ್ತಿದ್ದರು. ನಮ್ಮ ಮಾಲೀಕರು ನಗಲಿಲ್ಲ. ಗಿರಾಕಿಗಳ ಎದುರೇ “ತಲಿ ಐತೇನು ನಿನಗ? ಯಾವಾಗ್ಲೂ ಹಿಂಗ” ಅಂತ ಕೂಗಿದರು. ಆ ‘ಯಾವಾಗ್ಲೂ’ ನನ್ನ ಕಿವಿಯಲ್ಲಿ ತಿಂಗಳುಗಟ್ಟಲೆ ಇತ್ತು. ಆದರೆ ಕಲಿತದ್ದು ಏನೂ ಇಲ್ಲ. ಮರುದಿನವೂ ಹಳೆಯ ಫೈಲಿನ ಮೇಲೇ ಹೊಡೆದೆ, ಏನು ವ್ಯತ್ಯಾಸ ಅಂದರೆ ಕೈ ನಡುಗುತ್ತಿತ್ತು.

ಪ್ರೂಫ್ ನೋಡುವ ಕಾಕಾ ಒಬ್ಬರಿದ್ದರು. ಅವರು ಬಂದು ಪಕ್ಕದಲ್ಲಿ ಕೂತು ಒಂದೇ ಮಾತು ಕೇಳಿದರು. “ಖಾಲಿ ಫೈಲ್ ತಗದಿದ್ದೇನು, ಹಳೇದರ ಮ್ಯಾಲ ಹೊಡದಿದ್ದೇನು?” ಅಷ್ಟೇ. ಅವತ್ತಿನಿಂದ ನಾನು ಖಾಲಿ ಪುಟದಿಂದಲೇ ಶುರು ಮಾಡೋದು.

ಹಳೆಯ ಕನ್ನಡ ಪುಸ್ತಕಗಳ ಕೊನೆಗೆ ‘ತಪ್ಪು–ಒಪ್ಪು’ ಅಂತ ಒಂದು ಪಟ್ಟಿ ಇರುತ್ತೆ, ನೋಡಿರಬಹುದು. ನಾಲ್ಕು ಕಾಲಮ್ಮು. ಪುಟ, ಸಾಲು, ತಪ್ಪು, ಒಪ್ಪು. ಯಾರು ಮಾಡಿದ್ದು, ಎಷ್ಟನೇ ಸಲ ಮಾಡಿದ್ದು, ಅವರ ತಲೆ ಎಲ್ಲಿತ್ತು ಅಂತ ಬರೆಯೋಕೆ ಅಲ್ಲಿ ಜಾಗವೇ ಇಲ್ಲ. ನನ್ನ ಮಟ್ಟಿಗೆ ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಅದರಲ್ಲೇ ಇದೆ. ಮಾಲೀಕರು ಹೇಳಿದ್ದರಲ್ಲಿ ಪುಟವೂ ಇರಲಿಲ್ಲ, ಸಾಲೂ ಇರಲಿಲ್ಲ. ಕಾಕಾ ಕೇಳಿದ್ದರಲ್ಲಿ ಎರಡೂ ಇತ್ತು.

ಇನ್ನರ್ಧ ಕಷ್ಟದ್ದು. ನಾನು ಮೇಲ್ವಿಚಾರಕ ಆದಮೇಲೆ ಅದೇ ಕಾಕಾ ಪ್ರೂಫಿನಲ್ಲಿ ತಪ್ಪು ಬಿಡೋಕೆ ಶುರು ಮಾಡಿದರು. ನನಗೆ ಕೆಲಸ ಕಲಿಸಿದವರು, ಹೇಗೆ ಹೇಳೋದು? ಸುತ್ತಿ ಬಳಸಿ ಹೇಳೋಣ ಅಂತ ಚಹಾದ ಹೊತ್ತಿಗೆ ಎಲ್ಲರನ್ನೂ ಸೇರಿಸಿ “ಎಲ್ಲಾರೂ ಒಂಚೂರು ನೋಡ್ಕೊಂಡು ಮಾಡ್ರಿ” ಅಂದೆ. ಕಾಕಾ ಎಲ್ಲರಿಗಿಂತ ಮೊದಲು ತಲೆಯಾಡಿಸಿ “ಹೌದ ಮತ್ತ, ಈಗಿನ ಹುಡುಗರಿಗೆ ಲಕ್ಷ್ಯನ ಇಲ್ಲ” ಅಂದರು. ಸಂಜೆ ನಮ್ಮ ಹೊಸ ಹುಡುಗಿ ಮುಖ ಸಣ್ಣ ಮಾಡಿಕೊಂಡು ಬಂದಳು. “ಸರ್, ನಂದೇನರ ತಪ್ಪಾತೇನ್ರಿ?” ಅವಳದು ಒಂದೂ ತಪ್ಪಿರಲಿಲ್ಲ! ಎಲ್ಲರಿಗೂ ಹೇಳಿದ ಮಾತು ಮುಟ್ಟಬೇಕಾದವರಿಗೆ ಮುಟ್ಟಲ್ಲ, ಪಾಪದವರಿಗೆ ಮುಟ್ಟುತ್ತೆ. ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದರೂ ಇದೇ ಕಥೆ.

ಕೊನೆಗೆ ಒಂದು ಮಧ್ಯಾಹ್ನ, ಊಟ ಆದಮೇಲೆ, ಯಾರೂ ಇಲ್ಲದಾಗ 16 ಪುಟದ ಒಂದು ಫಾರ್ಮ್ (ಒಟ್ಟಿಗೆ ಅಚ್ಚಾಗುವ ಪುಟಗಳ ಕಟ್ಟು) ತೆಗೆದುಕೊಂಡು ಅವರ ಟೇಬಲ್ಲಿಗೆ ಹೋದೆ. ಅಚ್ಚು ಹಾಕೋಕೆ ಬೇಕಾದ ಪ್ಲೇಟ್ ಇನ್ನೂ ಆಗಿರಲಿಲ್ಲ. ಇದು ಮುಖ್ಯ. ಪ್ಲೇಟ್ ಆದಮೇಲೆ ಹೇಳಿದರೆ ದುಡ್ಡು ಹೋಗುತ್ತೆ, ಅಚ್ಚಾದಮೇಲೆ ಹೇಳಿದರೆ ಜಗಳವೇ ಆಗುತ್ತೆ. “ಕಾಕಾ, ಇದರಾಗ ಹನ್ನೊಂದು ಕಡೆ ನನಗ ಅನುಮಾನ ಐತ್ರಿ, ಒಂದ್ಸಲ ನೋಡ್ತೀರೇನ್ರಿ?” ಅಂದೆ.

ಕನ್ನಡಕ ಏರಿಸಿ ನೋಡಿದರು. ಎರಡರ ಮೇಲೆ ಬೆರಳಿಟ್ಟು, “ಇವು ತಪ್ಪಲ್ಲ. ಬರದವ್ರು ನಮ್ಮ ಕಡೆ ಮಾತಿನ್ಯಾಗ ‘ಶಾಲಿ’ ಅಂತ ಬೇಕಂತನ ಬರದಾರ. ನೀ ಅದನ್ನ ‘ಶಾಲೆ’ ಮಾಡಾಕ ಹೊಂಟೀಯಲ್ಲ” ಅಂದರು. ಹಸ್ತಪ್ರತಿ ತೆಗೆದು ನೋಡಿದರೆ ಅವರದೇ ಸರಿ. “ನಂದ ತಪ್ಪಾತ್ರಿ” ಅಂದೆ. ಅದಾದಮೇಲೆ ಉಳಿದ ಒಂಬತ್ತನ್ನು ನಾನು ಬಾಯಿ ಬಿಡುವ ಮೊದಲೇ ಅವರೇ ಗುರುತು ಹಾಕಿದರು. ಅದರಲ್ಲಿ ಏಳು ‘ದ’–‘ಧ’, ‘ಬ’–‘ಭ’ ಇಂಥವೇ. ಅಡಿಯ ಸಣ್ಣ ಗೀಟು ಇದೆಯೋ ಇಲ್ಲವೋ ಅನ್ನುವ ತಪ್ಪು. ಅವರೇ ಹೇಳಿದರು, “ಗೀಟು ಕಾಣವಲ್ದೋ. ಪ್ರೂಫ್ ಎ3ದಾಗ ತಗದು ಕೊಡು.” ಎ4 ಅನ್ನು ಎ3ಗೆ ಹಿಗ್ಗಿಸಿದರೆ ಅಕ್ಷರ 141 ಪರ್ಸೆಂಟ್ ಆಗುತ್ತೆ. ಆಮೇಲೆ ಆ ತಪ್ಪು ಬಹಳ ಕಡಿಮೆಯಾಯಿತು. ಹೆಚ್ಚಿಗೆ ಆದ ಖರ್ಚು ಕಾಗದದ್ದು ಮಾತ್ರ.

ನಿಮ್ಮ ಕೆಲಸದಲ್ಲಿ ಪುಟ, ಸಾಲು ಎಲ್ಲಿದೆ ಅಂತ ಕೇಳಬಹುದು. ಇದೆ. “ಸರ್, ನಿಮ್ಮ ಮೇಲ್ ಸ್ವಲ್ಪ ಒರಟಾಗಿರುತ್ತೆ” ಅನ್ನಬೇಡಿ. ಯಾವ ದಿನದ ಮೇಲ್, ಅದರ ಯಾವ ವಾಕ್ಯ, ಅದಕ್ಕೆ ಗ್ರಾಹಕರು ಏನಂತ ಉತ್ತರ ಬರೆದರು, ಅಷ್ಟನ್ನು ತೆರೆದು ಮುಂದಿಡಿ. ಹೊಗಳುವಾಗಲೂ ಹಾಗೇ. ನಮ್ಮ ಕಡೆ “ಛಲೋ ಆಗೇತಿ” ಅಂದು ಮುಗಿಸಿಬಿಡುತ್ತೇವೆ, ಯಾವುದು ಛಲೋ ಅಂತ ಕೇಳಿದವರಿಗೆ ಗೊತ್ತೇ ಆಗಲ್ಲ.

ನಿಮ್ಮ ನಿದ್ದೆಯ ವಿಷಯ. ಹಲಗೆ ಬಳಪ ಹಿಡಿಯಲಿಲ್ಲ, ಇಟ್ಟ ಪದ ಅಳಿಸಲಿಲ್ಲ ಅಂತ ಹೇಳಿಕೊಂಡ ಕುಮಾರವ್ಯಾಸ ಭಾರತ ಬರೆದದ್ದು ನಮ್ಮೂರ ವೀರನಾರಾಯಣನ ಗುಡಿಯಲ್ಲೇ ಅಂತಾರೆ. ಅವನು ಬರೆದದ್ದನ್ನು ಕಂಪೋಸ್ ಮಾಡೋಕೂ ನಮಗೆ ಮೂರು ಪ್ರೂಫ್ ಬೇಕು! ಅಂದಮೇಲೆ ನಮ್ಮ ತಪ್ಪನ್ನು ಯಾರಾದರೂ ಹೇಳಿದರೆ ನಿದ್ದೆಗೆಡೋದು ಯಾಕೆ? ಮ್ಯಾನೇಜರ್ “ನಿಮ್ಮ ಧೋರಣೆ ಸರಿ ಇಲ್ಲ” ಅಂದರೆ ಅಲ್ಲೇ ವಾದ ಮಾಡಬೇಡಿ. “ಯಾವ ಕೆಲಸದಲ್ಲಿ ಹಾಗನ್ನಿಸ್ತು ಸರ್?” ಅಂತ ಕೇಳಿ, ಹೇಳಿದ್ದನ್ನು ಬರೆದುಕೊಳ್ಳಿ. ಅವರ ಹತ್ತಿರ ಒಂದೂ ಉದಾಹರಣೆ ಇಲ್ಲದಿದ್ದರೆ ಆ ರಾತ್ರಿ ಸುಮ್ನೆ ಮಲಗಿ.

ಇನ್ನೊಂದು. ಪ್ರೂಫಿನಲ್ಲಿ ಅನುಮಾನ ಬಂದ ಕಡೆ ನಾವು ತಿದ್ದುವುದಿಲ್ಲ, ಅಂಚಿನಲ್ಲಿ ‘?’ ಹಾಕಿ ಬಿಡುತ್ತೇವೆ. ಬರೆದವರು ನೋಡಿ ಹೇಳುತ್ತಾರೆ. ನಿಮ್ಮ ದೊಡ್ಡವರ ಹತ್ತಿರ ಹೋಗುವಾಗಲೂ ಮೊದಲ ದಿನ ಬರೀ ಪ್ರಶ್ನೆ ಒಯ್ಯಿರಿ. “ಸರ್, ಈ ಮೂರನೇ ಸಾಲು ಗಿರಾಕಿಗೆ ಹೆಂಗ ಕೇಳಸ್ತದ ಅಂತೀರಿ?” ಅವರು “ಅದು ಸರಿನ ಐತಿ” ಅಂದರೆ ಯಾಕೆ ಅಂತ ಕೇಳಿ, ಪೂರ್ತಿ ಕೇಳಿಸಿಕೊಳ್ಳಿ. ನನ್ನ ಹನ್ನೊಂದರಲ್ಲಿ ಎರಡು ಹಾಗೇ ಹೋದವು.