ಬಡತನ ರೇಖೆಯ ಲೆಕ್ಕ, ನೆರವಿನ ಹಣದ ದಾರಿ

ಪ್ರಶ್ನೆ: ಕಡುಬಡತನದ ರೇಖೆಯನ್ನು ವಿಶ್ವಬ್ಯಾಂಕ್ ಆಗಾಗ ಬದಲಿಸುತ್ತಲೇ ಬಂದಿದೆ. ಹೀಗಿರುವಾಗ ಕೋಟ್ಯಂತರ ಜನರು ಬಡತನದಿಂದ ಹೊರಬಂದಿದ್ದಾರೆ ಎಂಬ ಮಾತನ್ನು ನಂಬಬಹುದೇ?

ಉತ್ತರ: ರೇಖೆ ಬದಲಾಗಿರುವುದು ನಿಜ. 1990ರಲ್ಲಿ ದಿನಕ್ಕೆ ಒಂದು ಡಾಲರ್ ಎಂದು ಶುರುವಾದದ್ದು 2008ರಲ್ಲಿ 1.25, 2015ರಲ್ಲಿ 1.90, 2022ರಲ್ಲಿ 2.15 ಆಗಿ, 2025ರ ಜೂನ್‌ನಲ್ಲಿ 3 ಡಾಲರ್‌ಗೆ ಬಂದಿದೆ. ಇದು ಬ್ಯಾಂಕಿನಲ್ಲಿ ವಿನಿಮಯ ಮಾಡಿಕೊಳ್ಳುವ ಡಾಲರ್ ಅಲ್ಲ. ಆಯಾ ದೇಶದ ಬೆಲೆಗಳಲ್ಲಿ ಆ ಹಣಕ್ಕೆ ಎಷ್ಟು ಸಾಮಾನು ಸಿಗುತ್ತದೆ ಎಂಬುದನ್ನು ಸರಿದೂಗಿಸಿ ಹಾಕಿದ ಲೆಕ್ಕ. ರೇಖೆ ಬದಲಾದಾಗಲೆಲ್ಲ ಹಿಂದಿನ ವರ್ಷಗಳ ಅಂಕಿಗಳನ್ನೂ ಹೊಸ ರೇಖೆಯಿಂದಲೇ ಮತ್ತೆ ಅಳೆಯುವುದರಿಂದ ಹೋಲಿಕೆ ಕೆಡುವುದಿಲ್ಲ. 2.15 ಡಾಲರ್ ರೇಖೆಯ ಪ್ರಕಾರ 1990ರಲ್ಲಿ ಜಗತ್ತಿನ ಪ್ರತಿ ನೂರು ಜನರಲ್ಲಿ ಸುಮಾರು 38 ಮಂದಿ ಕಡುಬಡವರಾಗಿದ್ದರೆ, 2019ರ ಹೊತ್ತಿಗೆ ಅವರ ಸಂಖ್ಯೆ ಸುಮಾರು 9ಕ್ಕೆ ಇಳಿದಿತ್ತು. ಈ ಇಳಿಕೆಯನ್ನು ನಂಬಬಹುದು. ಆದರೆ ಅದರಲ್ಲಿ ದೊಡ್ಡ ಪಾಲು ಚೀನಾದ್ದು ಎಂಬುದನ್ನೂ, ಸಹಾರಾದ ದಕ್ಷಿಣದ ಆಫ್ರಿಕಾದಲ್ಲಿ ಶೇಕಡಾವಾರು ತಗ್ಗಿದರೂ ಕಡುಬಡವರ ಒಟ್ಟು ಸಂಖ್ಯೆ ಏರಿದೆ ಎಂಬುದನ್ನೂ ಮರೆಮಾಚಿ ಈ ಯಶಸ್ಸನ್ನೆಲ್ಲ ಅಂತರರಾಷ್ಟ್ರೀಯ ಸಂಸ್ಥೆಗಳ ಖಾತೆಗೆ ಬರೆದುಕೊಳ್ಳುವುದು ನ್ಯಾಯವಲ್ಲ.

ಆದಾಯದ ರೇಖೆಯೊಂದರಿಂದಲೇ ಬದುಕು ತಿಳಿಯುವುದಿಲ್ಲ ಎಂದು ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್ ಅವರು ಅಮರ್ತ್ಯ ಸೇನ್ ಅವರ ನೆರವಿನೊಂದಿಗೆ 1990ರಲ್ಲಿ ಮಾನವ ಅಭಿವೃದ್ಧಿ ಸೂಚ್ಯಂಕವನ್ನು ರೂಪಿಸಿ, ಆದಾಯದ ಜೊತೆಗೆ ಆಯುಷ್ಯ ಮತ್ತು ಶಿಕ್ಷಣವನ್ನೂ ಎಣಿಕೆಗೆ ತಂದರು. ಅದು ಇಡೀ ದೇಶದ ಸರಾಸರಿಯಾದ್ದರಿಂದ ಯಾವ ಮನೆಯಲ್ಲಿ ಏನು ಕೊರತೆ ಎಂಬುದು ಅದರಲ್ಲಿ ಕಾಣುತ್ತಿರಲಿಲ್ಲ. 2010ರಲ್ಲಿ ಬಂದ ಬಹುಆಯಾಮದ ಬಡತನ ಸೂಚ್ಯಂಕ ಮನೆಯೊಳಗೇ ಹೋಗಿ ಕೇಳುತ್ತದೆ: ಕುಡಿಯುವ ನೀರು ತಂದು ಮರಳಲು ನಡೆದು ಅರ್ಧ ಗಂಟೆಯಾದರೂ ಹಿಡಿಯುತ್ತದೆಯೇ? ಮನೆಯಲ್ಲಿ ಒಬ್ಬರಾದರೂ ಆರು ವರ್ಷದ ಶಾಲಾ ಶಿಕ್ಷಣ ಮುಗಿಸಿದ್ದಾರೆಯೇ? ಒಲೆಗೆ ಸೌದೆಯೋ, ಸಗಣಿಯೋ? ನೆಲ ಮಣ್ಣಿನದೇ? ಇಂಥ ಹತ್ತು ಸೂಚಕಗಳಿಗೆ ಬೇರೆ ಬೇರೆ ತೂಕವಿದ್ದು, ಕೊರತೆಗಳ ತೂಕ ಒಟ್ಟಿನ ಮೂರನೇ ಒಂದು ಭಾಗ ಮುಟ್ಟಿದರೆ ಆ ಮನೆಯವರೆಲ್ಲ ಬಡವರೆಂದು ಲೆಕ್ಕ. ಎಲ್ಲಿ ನಲ್ಲಿ ಬೇಕು, ಎಲ್ಲಿ ಶಾಲೆ ಬೇಕು ಎಂಬುದನ್ನು ತೋರಿಸಬಲ್ಲ ಈ ಅಳತೆಯೇ ಆಡಳಿತ ನಡೆಸುವವರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ.

ಪ್ರಶ್ನೆ: ಬಡ ದೇಶಗಳಿಗೆ ಕೊಡುವ ನೆರವು ನಡುವೆಯೇ ಸೋರಿಹೋಗುತ್ತದೆ ಎನ್ನುತ್ತಾರೆ. ಹಾಗಿದ್ದರೆ ಅದನ್ನು ನಿಲ್ಲಿಸಿಬಿಡುವುದೇ ಒಳ್ಳೆಯದಲ್ಲವೇ?

ಉತ್ತರ: ಸೋರಿಕೆ ಇದೆ, ಆದರೆ ಅದನ್ನು ತಡೆಯಲೂ ಬರುತ್ತದೆ. ಉಗಾಂಡಾದಲ್ಲಿ ಸರ್ಕಾರ ಮಕ್ಕಳ ತಲೆ ಲೆಕ್ಕದಲ್ಲಿ ಪ್ರಾಥಮಿಕ ಶಾಲೆಗಳಿಗೆ ಕಳಿಸುತ್ತಿದ್ದ ಅನುದಾನದ ಬೆನ್ನುಹತ್ತಿ ನಡೆದ ಸಮೀಕ್ಷೆಯೊಂದರಲ್ಲಿ, 1991ರಿಂದ 1995ರವರೆಗೆ ಸರಾಸರಿ ನೂರಕ್ಕೆ 13ರಷ್ಟು ಹಣ ಮಾತ್ರ ಶಾಲೆ ತಲುಪಿತ್ತು ಎಂದು ಗೊತ್ತಾಯಿತು. ಆಮೇಲೆ ಸರ್ಕಾರ ಯಾವ ಜಿಲ್ಲೆಗೆ ಎಷ್ಟು ಹಣ ಬಿಡುಗಡೆಯಾಯಿತೆಂದು ಪತ್ರಿಕೆಗಳಲ್ಲಿ ಪ್ರಕಟಿಸತೊಡಗಿತು. ಶಾಲೆಗಳೂ ತಮಗೆ ಬಂದ ಮೊತ್ತವನ್ನು ಎಲ್ಲರಿಗೂ ಕಾಣುವಂತೆ ಬರೆದು ಹಚ್ಚಬೇಕಾಯಿತು. ತಮ್ಮ ಶಾಲೆಗೆ ಬರಬೇಕಾದದ್ದೆಷ್ಟು ಎಂದು ತಂದೆತಾಯಿಯರಿಗೆ ತಿಳಿಯಿತು, ಮುಂದಿನ ವರ್ಷಗಳಲ್ಲಿ ಶಾಲೆಗೆ ಮುಟ್ಟುವ ಪಾಲು ಹಲವು ಪಟ್ಟು ಹೆಚ್ಚಿತು. ಅದೇ ದೇಶ 1998ರಲ್ಲಿ, ಸಾಲದ ಹೊರೆ ಹೊತ್ತ ಬಡ ದೇಶಗಳ ಯೋಜನೆಯಡಿ ಸಾಲಮನ್ನಾ ಪಡೆದ ಮೊದಲ ದೇಶವಾಗಿ, ಅದರಿಂದ ಉಳಿತಾಯವಾದ ಹಣವನ್ನು ಪ್ರಾಥಮಿಕ ಶಿಕ್ಷಣ, ಆರೋಗ್ಯ, ಕುಡಿಯುವ ನೀರಿನಂಥ ಕೆಲಸಗಳಿಗೆ ಮೀಸಲಾದ ನಿಧಿಗೆ ಸೇರಿಸಿತು.

ಕೊಡುವವರ ಮಾತಿಗೆ ಬರೋಣ. ಶ್ರೀಮಂತ ದೇಶಗಳು ತಮ್ಮ ರಾಷ್ಟ್ರೀಯ ಆದಾಯದ ನೂರಕ್ಕೆ 0.7ರಷ್ಟನ್ನು ನೆರವಾಗಿ ಕೊಡಬೇಕೆಂದು ವಿಶ್ವಸಂಸ್ಥೆಯ ಮಹಾಸಭೆ 1970ರಲ್ಲಿಯೇ ನಿರ್ಣಯಿಸಿತ್ತು. ನಾರ್ವೆ, ಸ್ವೀಡನ್, ಡೆನ್ಮಾರ್ಕ್, ಲಕ್ಸೆಂಬರ್ಗ್‌ನಂಥ ಕೆಲವೇ ದೇಶಗಳು ಅದನ್ನು ಮುಟ್ಟಿವೆ. ಒಟ್ಟಾರೆ ಪ್ರಮಾಣ 2024ರಲ್ಲಿ ಅದರ ಅರ್ಧದ ಆಸುಪಾಸಿನಲ್ಲಿತ್ತು. ಇನ್ನೊಂದೆಡೆ, ಆರೋಗ್ಯಕ್ಕೋ ಶಿಕ್ಷಣಕ್ಕೋ ಮಾಡುವ ವೆಚ್ಚಕ್ಕಿಂತ ಸಾಲದ ಬಡ್ಡಿಗೇ ಹೆಚ್ಚು ಕಟ್ಟುವ ದೇಶಗಳಲ್ಲಿ ಸುಮಾರು 330 ಕೋಟಿ ಜನರಿದ್ದಾರೆ ಎಂದು ವಿಶ್ವಸಂಸ್ಥೆಯೇ 2024ರಲ್ಲಿ ಹೇಳಿದೆ. ಆಫ್ರಿಕಾದ ಜಾಂಬಿಯಾ 2020ರಲ್ಲಿ ಸಾಲದ ಕಂತು ಕಟ್ಟಲಾಗದೆ ನಿಂತಾಗ, ಸಾಲ ಕೊಟ್ಟ ಸರ್ಕಾರಗಳು ಒಪ್ಪಂದಕ್ಕೆ ಬಂದದ್ದು 2023ರಲ್ಲಿ, ಅದರ ಸಾಲಪತ್ರಗಳನ್ನು ಕೊಂಡ ಖಾಸಗಿ ಬಾಂಡ್‌ದಾರರು ಬಂದದ್ದು 2024ರಲ್ಲಿ. ಮಕ್ಕಳು ಒಂದನೇ ತರಗತಿಯಿಂದ ನಾಲ್ಕನೆಯದಕ್ಕೆ ಹೋಗುವಷ್ಟು ಕಾಲ ಒಂದು ದೇಶವನ್ನು ಹೀಗೆ ಕಾಯಿಸುವುದು ಅನ್ಯಾಯ. ನೆರವನ್ನು ನಿಲ್ಲಿಸುವ ಚರ್ಚೆಗೆ ಮೊದಲು ಸಾಲ ಕೊಟ್ಟವರೆಲ್ಲರನ್ನೂ ಒಂದೇ ಮಾತುಕತೆಗೆ, ಒಂದು ಗಡುವಿನೊಳಗೆ ಕೂರಿಸುವ ನಿಯಮ ಬರಬೇಕು.