ನ್ಯೂಕ್ಲಿಯಸ್ ಕೆಳಗಿನ ಬಿಳಿ ಗುಳ್ಳೆ: ಗ್ಲೈಕೋಜನ್ನಾ, ಕೊಬ್ಬಾ?

ಕುರಿ ಗರ್ಭಕೋಶದ ಒಳಪದರದ ಜೀವಕೋಶಗಳಲ್ಲಿ ಬಿಳಿ ಗುಳ್ಳೆ ಕಾಣ್ತಿದೆ, ಪಿಎಎಸ್ (ಪರ್-ಅಯೋಡಿಕ್ ಆಸಿಡ್ ಶಿಫ್) ಬಣ್ಣ ಹಾಕಿದರೆ ಗುಲಾಬಿ ಬಂತು, ಗ್ಲೈಕೋಜನ್, ಅಂದರೆ ಜೀವಕೋಶ ಕೂಡಿಟ್ಟ ಸಕ್ಕರೆ, ಅಂತ ಬರೆಯಲಾ ಅಂತ ಕೇಳಿದ್ದೀರಿ. ಬರೀಬೇಡಿ. ನಾನು ಬರೆದಿದ್ದೆ, ಇಡೀ ವರ್ಷದ ಕೆಲಸ ಹೋಯಿತು.

ನನ್ನದು ಕಾರವಾರ. ಎಂಎಸ್ಸಿ ಪ್ರಾಜೆಕ್ಟಿಗೆ ಶಿರಸಿಯ ಮಟನ್ ಅಂಗಡಿಯಲ್ಲಿ ಬೆಳಿಗ್ಗೆ ಬೇಗ ಹೋಗಿ ನಿಲ್ಲುತ್ತಿದ್ದೆ. ಗರ್ಭಕೋಶ ಸಿಕ್ಕ ಕೂಡಲೇ ಅಲ್ಲೇ ಚೂರು ಮಾಡಿ, ಕೊಳೆಯದಂತೆ ಫಾರ್ಮಲಿನ್‌ಗೆ ಹಾಕಿ, ಬಾಟಲಿಯನ್ನು ತೊಡೆ ಮೇಲೆ ಗಟ್ಟಿಯಾಗಿ ಹಿಡಿದುಕೊಂಡು ಬಸ್ಸಿನಲ್ಲಿ ದೇವಿಮನೆ ಘಟ್ಟ ಇಳಿಯುತ್ತಿದ್ದೆ. ಆಮೇಲೆ ತೆಳುವಾಗಿ ಕತ್ತರಿಸಲು ಆಲ್ಕೋಹಾಲ್, ಝೈಲೀನ್, ಕೊನೆಗೆ ಮೇಣ. ಒಂದು ಚೂರೂ ಉಳಿಸಲಿಲ್ಲ, ಎಲ್ಲ ಮೇಣಕ್ಕೇ ಹೋಯಿತು.

ಮನುಷ್ಯರಲ್ಲಿ ಅಂಡ ಬಿಡುಗಡೆಯಾದ ಎರಡು ಮೂರು ದಿನಕ್ಕೆ ಗ್ರಂಥಿಯ ಜೀವಕೋಶದಲ್ಲಿ ನ್ಯೂಕ್ಲಿಯಸ್ ಕೆಳಗೆ ಗ್ಲೈಕೋಜನ್ ತುಂಬುತ್ತದೆ. ಪುಸ್ತಕದಲ್ಲಿ ಇದನ್ನು ಓದಿದ್ದೆ, ಅದನ್ನೇ ಕುರಿಗೂ ಹಚ್ಚಿಬಿಟ್ಟೆ. ವೈವಾದಲ್ಲಿ ಮೇಡಂ ಸ್ಲೈಡ್ ನೋಡಿ ಎರಡೇ ಮಾತು ಕೇಳಿದರು. "ಗುಲಾಬಿ ಎಲ್ಲಿದೆ? ಡಯಾಸ್ಟೇಸ್ ಸ್ಲೈಡ್ ಎಲ್ಲಿ?" ಡಯಾಸ್ಟೇಸ್ ಅಂದರೆ ಗ್ಲೈಕೋಜನ್ ಒಡೆಯುವ ಕಿಣ್ವ. ಗುಲಾಬಿ ಇದ್ದದ್ದು ಜೀವಕೋಶದ ಮೇಲ್ತುದಿಯಲ್ಲಿ. ಗುಳ್ಳೆ ಬಿಳಿಯಾಗೇ ಇತ್ತು! ತಿಂಗಳುಗಟ್ಟಲೆ ನೋಡಿದ್ದೆ, ಆದರೂ ಕಂಡಿರಲಿಲ್ಲ.

ಪಿಎಎಸ್ ಅಂದರೆ ಗ್ಲೈಕೋಜನ್ ಪರೀಕ್ಷೆ ಅಲ್ಲ. ಸಕ್ಕರೆಯಲ್ಲಿ ಅಕ್ಕಪಕ್ಕ ಎರಡು ಓಎಚ್ ಇರುವ ಕಡೆ ಪರ್-ಅಯೋಡಿಕ್ ಆಮ್ಲ ಸೀಳಿ ಆಲ್ಡಿಹೈಡ್ ಮಾಡುತ್ತದೆ, ಶಿಫ್ ದ್ರಾವಣ ಅದನ್ನು ಹಿಡಿದು ಬಣ್ಣ ಕೊಡುತ್ತದೆ. ಹಾಗಾಗಿ ಲೋಳೆಯೂ ಗುಲಾಬಿ, ಪದರದ ಬುಡದ ಪೊರೆಯೂ ಗುಲಾಬಿ. ಅದೇ ಚೂರಿನ ಇನ್ನೊಂದು ಸ್ಲೈಡಿಗೆ ಪಿಎಎಸ್‌ಗೂ ಮೊದಲು ಡಯಾಸ್ಟೇಸ್ ಹಾಕಬೇಕು, ಆಗ ಗುಲಾಬಿ ಮಾಯವಾದ ಜಾಗ ಮಾತ್ರ ಗ್ಲೈಕೋಜನ್. ಡಯಾಸ್ಟೇಸ್ ಇಲ್ಲದಿದ್ದರೆ ಬಾಯಿಯ ಎಂಜಲೂ ಆಗುತ್ತದೆ, ಅದರಲ್ಲಿ ಅಮೈಲೇಸ್ ಇದೆಯಲ್ವಾ. ಖರ್ಚಿಲ್ಲದ ಈ ಒಂದು ಸ್ಲೈಡನ್ನು ನಾನು ಮಾಡಲಿಲ್ಲ.

ಇನ್ನು ಗ್ಲೈಕೋಜನ್ನಾ ಕೊಬ್ಬಾ ಅಂತ ಮೇಣದ ಸ್ಲೈಡ್ ಇಟ್ಟುಕೊಂಡು ಕೇಳುವುದೇ ಸರಿಯಲ್ಲ. ಬಿಳಿ ಗುಳ್ಳೆ ಅಂದರೆ ಏನೋ ಇದ್ದು ಹೋದ ಜಾಗ. ಗ್ಲೈಕೋಜನ್ ನೀರಿನಲ್ಲಿ ತೊಳೆದು ಹೋಗಬಹುದು. ಕೊಬ್ಬಂತೂ ಆಲ್ಕೋಹಾಲ್, ಝೈಲೀನ್‌ನಲ್ಲಿ ಕರಗಿಯೇ ಹೋಗುತ್ತದೆ. ಕುರಿಯ ಈ ಜೀವಕೋಶಗಳಲ್ಲಿ ಕೊಬ್ಬಿನ ಹನಿ ಇರುತ್ತವೆ, ಪ್ರೊಜೆಸ್ಟರಾನ್ ಹಾರ್ಮೋನ್ ಅವನ್ನು ಹೆಚ್ಚು ಕಡಿಮೆ ಮಾಡುತ್ತದೆ ಅಂತ 1973ರಲ್ಲೇ ಪ್ರಕಟವಾಗಿತ್ತು. ನಾನು ಹುಡುಕಿಯೇ ಇರಲಿಲ್ಲ.

ನಿಮ್ಮ ಬಾಟಲಿಯಲ್ಲಿ ಇನ್ನೂ ಚೂರು ಉಳಿದಿದ್ದರೆ ದಯವಿಟ್ಟು ಎಸೀಬೇಡಿ, ಆಲ್ಕೋಹಾಲ್‌ಗೂ ಹಾಕಬೇಡಿ. ಫಾರ್ಮಲಿನ್‌ನಲ್ಲಿ ಇದ್ದದ್ದನ್ನೂ ಹೆಪ್ಪುಗಟ್ಟಿಸಿ ಕತ್ತರಿಸಬಹುದು. ಹೆಪ್ಪುಗಟ್ಟಿಸಿ ಕತ್ತರಿಸುವ ಯಂತ್ರ, ಕ್ರಯೋಸ್ಟಾಟ್, ಇರುವ ಲ್ಯಾಬ್ ಹುಡುಕಿ ಕೊಬ್ಬಿಗೆ ಹಿಡಿಯುವ ಆಯಿಲ್ ರೆಡ್ ಓ ಬಣ್ಣ ಹಾಕಿಸಿ. ಹನಿ ಕೆಂಪಾದರೆ ಕೊಬ್ಬು.