ಈ ಚಳಿಗಾಲ ಹೆಕ್ಕಿದ ಸೌದೆ ಮುಂದಿನ ಚಳಿಗಾಲಕ್ಕೆ

ತಂಗಿ, ನೀನು ಬರೆದದ್ದು ಓದಿದೆ. ಸುಂಟಿಕೊಪ್ಪದವಳು, ಇಂಗ್ಲೆಂಡಿನ ಶ್ರಾಪ್‌ಶೈರ್‌ನ ಹಳ್ಳಿಗೆ ಕೇರ್ ಹೋಮ್ ಕೆಲಸಕ್ಕೆ ಬಂದಿದ್ದೀಯ, ಬಾಡಿಗೆ ಮನೆಯಲ್ಲಿ ಲಾಗ್ ಬರ್ನರ್ (ಸೌದೆ ಉರಿಸುವ ಮುಚ್ಚಿದ ಸ್ಟವ್) ಇದೆ, ಮನೆ ಬೆಚ್ಚಗಿಡುವ ಹೀಟಿಂಗ್ ಆಯಿಲ್ ಬೆಲೆ ನೋಡಿ ಎದೆ ಧಸಕ್ ಅಂದಿದೆ. ದಾರಿ ಬದಿಯಲ್ಲಿ ಬಿದ್ದಿರುವ ಮರ ತಂದು ಉರಿಸಬಹುದಾ, ಯಾವುದು ಒಳ್ಳೆ ಸೌದೆ, ಹಿಂದಿನ ಬಾಡಿಗೆಯವರು ಹಿತ್ತಲಲ್ಲಿ ಬಿಟ್ಟುಹೋದ ರಾಶಿಯನ್ನು ಏನು ಮಾಡಲಿ ಅಂತ ಕೇಳಿದ್ದೀಯ. ನಾನು ಸೋಮವಾರಪೇಟೆ ಕಡೆಯವಳು. ಪಕ್ಕದ ಹೆರ್‌ಫರ್ಡ್‌ಶೈರ್‌ನಲ್ಲಿ ನೆಲೆಸಿ ಬಹಳ ವರ್ಷವಾಯಿತು. ನಮ್ಮೂರಿನವಳೇ ಅಂತ ಗೊತ್ತಾದ ಮೇಲೆ ನೀನು ಅಂತಲೇ ಬರೆಯುತ್ತೇನೆ, ಬೇಜಾರಿಲ್ಲ ಅಲ್ವಾ.

ಮೊದಲೇ ಹೇಳಿಬಿಡುತ್ತೇನೆ. ಈ ಚಳಿಗಾಲ ಹೆಕ್ಕಿದ್ದನ್ನು ಈ ಚಳಿಗಾಲವೇ ಉರಿಸಬೇಡ. ಈ ವರ್ಷಕ್ಕೆ ಒಣ ಸೌದೆ ಕೊಂಡುಕೋ, ‘ರೆಡಿ ಟು ಬರ್ನ್’ ಗುರುತು ಇರುವ ಚೀಲ ನೋಡು. 2021ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಕಾನೂನಿನ ಪ್ರಕಾರ 2 ಘನ ಮೀಟರ್‌ಗಿಂತ ಕಡಿಮೆ ಲೆಕ್ಕದಲ್ಲಿ ಮಾರುವ ಸೌದೆಯಲ್ಲಿ ನೀರಿನಂಶ ಶೇಕಡಾ 20 ದಾಟಬಾರದು. ನೀನು ಹೆಕ್ಕಿ ತರುವುದು ಮುಂದಿನ ವರ್ಷಕ್ಕೆ. ನಮ್ಮಲ್ಲೂ ಜೂನ್ ಮಳೆ ಹಿಡಿಯುವ ಮೊದಲೇ ಕೊಟ್ಟಿಗೆ ತುಂಬಿಸಿ ಇಡುತ್ತಿದ್ದರು, ಕಕ್ಕಡ ತಿಂಗಳ ಜಡಿಮಳೆಯಲ್ಲಿ ಸೌದೆ ಹುಡುಕಲು ಯಾರೂ ಹೋಗುತ್ತಿರಲಿಲ್ಲ. ಲೆಕ್ಕ ಅದೇ, ಆದರೆ ಇಲ್ಲಿನ ಬಿಸಿಲಿಗೆ ನಮ್ಮ ಮಾರ್ಚ್ ತಿಂಗಳ ಬಿಸಿಲಿನ ಶಕ್ತಿ ಇಲ್ಲ. ಊರಿನಲ್ಲಿ ಒಂದು ಬೇಸಿಗೆಗೆ ಗರಿಗರಿ ಒಣಗುವ ಮರ ಇಲ್ಲಿ ಒಂದು ವರ್ಷ, ಕೆಲವು ಎರಡು ವರ್ಷ ಕೇಳುತ್ತವೆ.

ಹಸಿ ಸೌದೆ ಹಾಕಿದರೆ ಏನಾಗುತ್ತದೆ, ಊರಿನಲ್ಲಿ ಹಂಡೆ ಒಲೆಗೆ ಹಾಕುತ್ತಿರಲಿಲ್ವಾ ಅಂತ ನಿನಗೆ ಅನಿಸಬಹುದು. ಅಲ್ಲಿ ಹೊಗೆ ಹೆಂಚಿನ ಸಂದಿಯಲ್ಲಿ ಹೋಗುತ್ತಿತ್ತು, ಕಣ್ಣು ಉರಿಯುತ್ತಿತ್ತು, ಅಷ್ಟಕ್ಕೆ ಮುಗಿಯಿತು. ಇಲ್ಲಿ ಸ್ಟವ್ ಮುಚ್ಚಿದ್ದು, ಮನೆಯೂ ಮುಚ್ಚಿದ್ದು. ಹಸಿ ಸೌದೆಯ ಶಾಖದ ಒಂದು ಪಾಲು ಅದರೊಳಗಿನ ನೀರು ಕುದಿಸುವುದಕ್ಕೇ ಹೋಗುತ್ತದೆ, ತಣ್ಣಗಿನ ಹೊಗೆ ಚಿಮಣಿಯ ಒಳಗೋಡೆಗೆ ಟಾರ್ ಆಗಿ ಅಂಟುತ್ತದೆ, ಒಂದು ದಿನ ಆ ಟಾರಿಗೇ ಬೆಂಕಿ ಹತ್ತುತ್ತದೆ. ಅದಕ್ಕೆ ಮನೆ ಮಾಲೀಕರನ್ನು ಮೊದಲು ಕೇಳು: ಈ ಸ್ಟವ್ ಬಳಸಬಹುದಾ, ಚಿಮಣಿ ಕೊನೆಗೆ ಗುಡಿಸಿದ್ದು ಯಾವಾಗ. ವರ್ಷಕ್ಕೆ ಒಂದು ಸಲವಾದರೂ ಗುಡಿಸಲೇಬೇಕು. ಆ ಕೋಣೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಲ್ಲದೆ ಬೆಂಕಿ ಹಚ್ಚಲೇಬೇಡ. ಆ ಗಾಳಿಗೆ ವಾಸನೆ ಇಲ್ಲ, ಬಣ್ಣ ಇಲ್ಲ, ಮಲಗಿದವರು ಏಳುವುದಿಲ್ಲ. ರಾತ್ರಿ ಪೂರ್ತಿ ಕೆಂಡ ಇರಲಿ ಅಂತ ಗಾಳಿಯ ಕಿಂಡಿ ಮುಚ್ಚಿ ಮಲಗುವ ಅಭ್ಯಾಸ ಇಲ್ಲಿಯವರಲ್ಲೂ ಇದೆ, ನೀನು ಅದನ್ನು ಕಲಿಯಬೇಡ.

ಇನ್ನು ದಾರಿ ಬದಿಯ ಮರದ ವಿಷಯ. ಇಲ್ಲಿ ಯಾರದ್ದೂ ಅಲ್ಲದ ಮರ ಅಂತ ಇಲ್ಲ. ರೈತರದ್ದು, ಕೌನ್ಸಿಲ್‌ದು, ಫಾರೆಸ್ಟ್ರಿ ಇಂಗ್ಲೆಂಡ್‌ದು, ನ್ಯಾಷನಲ್ ಟ್ರಸ್ಟ್‌ದು, ಯಾರದ್ದೋ ಒಬ್ಬರದ್ದು. ಬಿದ್ದ ಕೊಂಬೆಯೂ ಅವರದ್ದೇ, ಕೇಳದೆ ತಂದರೆ ಕಳ್ಳತನ. ವೀಸಾ ಮೇಲೆ ಇರುವವರು ಇಂಥದ್ದಕ್ಕೆ ಸಿಕ್ಕಿಹಾಕಿಕೊಳ್ಳಬಾರದು. ನಮ್ಮ ದೇವರಕಾಡಿನಿಂದ ಒಣ ಕಡ್ಡಿ ಸಹ ತರಬಾರದು ಅಂತ ಹಿರಿಯರು ಹೇಳುತ್ತಿದ್ದರಲ್ಲ, ಇಲ್ಲಿನ ಹಳೆ ಕಾಡುಗಳಲ್ಲೂ ಹಾಗೇ ನಡೆದುಕೋ. ಕೊಳೆಯುತ್ತಾ ಬಿದ್ದಿರುವ ದಿಮ್ಮಿಯನ್ನು ಬೇಕಂತಲೇ ಬಿಟ್ಟಿರುತ್ತಾರೆ, ಅದರಲ್ಲಿ ಜೀರುಂಡೆಯ ಮರಿಗಳು ವರ್ಷಗಟ್ಟಲೆ ಬೆಳೆಯುತ್ತವೆ.

ಆದರೆ ಕೇಳಿದರೆ ಕೊಡುತ್ತಾರೆ, ಇದನ್ನು ನಂಬು. ಈ ಹಳ್ಳಿಗಳಲ್ಲಿ ಜನ ಬೇಗ ಹತ್ತಿರ ಬರುವುದಿಲ್ಲ, ಸೌದೆ ಮಾತು ಎತ್ತಿದರೆ ಮಾತ್ರ ಬಾಯಿ ಬಿಡುತ್ತಾರೆ. 2024ರ ಡಿಸೆಂಬರ್‌ನಲ್ಲಿ ಡಾರಾ ಬಿರುಗಾಳಿ ಬಂದಾಗ ನಮ್ಮ ಸುತ್ತಮುತ್ತ ಬಿದ್ದ ಮರ ಒಂದೆರಡಲ್ಲ, ಯಾರಾದರೂ ತೆಗೆದುಕೊಂಡು ಹೋದರೆ ಸಾಕಪ್ಪಾ ಅಂತ ರೈತರು ಕಾಯುತ್ತಿದ್ದರು. ಗೇಟಿನ ಹತ್ತಿರ ಹೋಗಿ ಕೇಳು. ಮರ ಕಡಿಯುವ ಟ್ರೀ ಸರ್ಜನ್‌ಗಳನ್ನೂ ಕೇಳು, ಎಷ್ಟೋ ಸಲ ದಿಮ್ಮಿ ಸಾಗಿಸುವುದೇ ಅವರಿಗೆ ಕಷ್ಟ. ಕೊಟ್ಟವರಿಗೆ ಊರಿನ ಕಾಫಿ ಪುಡಿ ಒಂದು ಪೊಟ್ಟಣ ಕೊಡು, ಮುಂದಿನ ವರ್ಷ ಅವರೇ ಫೋನ್ ಮಾಡುತ್ತಾರೆ. ಒಂದು ಎಚ್ಚರಿಕೆ: ಊರಿನಲ್ಲಿ ತೋಟಕ್ಕೆ ಹೋಗುವಾಗ ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡರೆ ಯಾರೂ ತಿರುಗಿ ನೋಡುವುದಿಲ್ಲ. ಇಲ್ಲಿ ಸರಿಯಾದ ಕಾರಣ ಇಲ್ಲದೆ ಕತ್ತಿ, ಕೊಡಲಿ ಸಾರ್ವಜನಿಕ ಜಾಗದಲ್ಲಿ ಹಿಡಿದು ಓಡಾಡುವುದು ಅಪರಾಧ. ಅನುಮತಿ ಸಿಕ್ಕ ದಿನ ಮಾತ್ರ ಗರಗಸ ಕಾರಿನ ಡಿಕ್ಕಿಯಲ್ಲಿಡು, ಕೆಲಸ ಮುಗಿದ ಕೂಡಲೇ ಮನೆಗೆ ತಂದು ಇಡು. ಚೈನ್‌ಸಾ ತರಬೇತಿ ಇಲ್ಲದೆ ಮುಟ್ಟಬೇಡ.

ಈಗ ಮರಗಳು. ಚಳಿಗಾಲದಲ್ಲಿ ಎಲೆ ಇರುವುದಿಲ್ಲ, ಹಾಗಾಗಿ ಮೊಗ್ಗು ಮತ್ತು ತೊಗಟೆ ನೋಡಿ ಕಲಿ. ಎಲ್ಲಕ್ಕಿಂತ ಮೊದಲು ಆಶ್ ಕಲಿ. ಬೂದು ಬಣ್ಣದ ಕಡ್ಡಿ, ಅದರ ಮೇಲೆ ಎದುರುಬದುರಾಗಿ ಕಪ್ಪು ಮೊಗ್ಗುಗಳು. ಆ ಕಪ್ಪು ಮೊಗ್ಗು ಕಂಡರೆ ಬೇರೆ ಯಾವ ಮರವೂ ಅಲ್ಲ. ಕೊಡಲಿ ಹಾಕಿದರೆ ನೇರವಾಗಿ ಸೀಳುತ್ತದೆ, ಒಳಗೆ ಬಿಳಿ. ಹಸಿಯಿದ್ದಾಗಲೂ ಅದರಲ್ಲಿ ನೀರು ಬೇರೆಯವಕ್ಕಿಂತ ಕಡಿಮೆ, ಹಸಿಯಾಗೇ ಉರಿಸಬಹುದು ಅಂತ ಇಲ್ಲಿ ಹಳಬರು ಹೇಳುತ್ತಾರೆ. ಉರಿಯುತ್ತದೆ ನಿಜ, ಆದರೂ ಒಂದು ವರ್ಷ ಒಣಗಿಸು, ವ್ಯತ್ಯಾಸ ನಿನಗೇ ಗೊತ್ತಾಗುತ್ತದೆ. ಈಗ ಆಶ್ ಸಿಗುವುದು ಜಾಸ್ತಿ, ಅದರ ಕಾರಣ ಮಾತ್ರ ದುಃಖದ್ದು. ಆಶ್ ಡೈಬ್ಯಾಕ್ ಅಂತ ಒಂದು ಶಿಲೀಂಧ್ರ ರೋಗ 2012ರಲ್ಲಿ ಬ್ರಿಟನ್ನಿನಲ್ಲಿ ಪತ್ತೆಯಾಯಿತು, ಅಲ್ಲಿಂದ ಈ ಮರಗಳು ತುದಿಯಿಂದ ಒಣಗುತ್ತಾ ಸಾಯುತ್ತಿವೆ. ರಸ್ತೆ ಪಕ್ಕದವನ್ನು ಅಪಾಯ ಅಂತ ಕಡಿಯುತ್ತಿದ್ದಾರೆ. ರೋಗ ಬಂದ ಆಶ್ ತುಂಬಾ ಪೆಡಸು, ಗಾಳಿ ಇಲ್ಲದಿದ್ದರೂ ಕೊಂಬೆ ಮುರಿದು ಬೀಳುತ್ತದೆ. ಒಣಗಿ ನಿಂತ ಆಶ್ ಕೆಳಗೆ ಸೌದೆ ಹೆಕ್ಕಲು ನಿಲ್ಲಬೇಡ.

ಓಕ್ ಒಳ್ಳೆಯ ಸೌದೆ, ಆದರೆ ತಾಳ್ಮೆ ಬೇಕು. ನಮ್ಮ ತೋಟದ ಸಿಲ್ವರ್ ಓಕ್‌ಗೂ ಇದಕ್ಕೂ ಸಂಬಂಧವೇ ಇಲ್ಲ, ಅದು ಆಸ್ಟ್ರೇಲಿಯಾದ ಮರ, ಸಿಲ್ವರ್ ಒಣಗಿದ ಹಾಗೆ ಇದು ಬೇಗ ಒಣಗುವುದಿಲ್ಲ. ಸೀಳಿದ ಮೇಲೆ ಎರಡು ವರ್ಷ ಇಡು. ಹೊಸದಾಗಿ ಸೀಳಿದಾಗ ಹುಳಿ ವಾಸನೆ, ಕೈಯಲ್ಲಿ ಹಿಡಿದರೆ ಭಾರ, ಮೊಳೆ ಇದ್ದ ಜಾಗದಲ್ಲಿ ನೀಲಿ ಮಸಿ. ಬೀಚ್ ಗುರುತಿಸುವುದು ಸುಲಭ, ತೊಗಟೆ ದುಬಾರೆ ಆನೆಯ ಕಾಲಿನ ಹಾಗೆ ಬೂದಿ ಬಣ್ಣ, ದೊಡ್ಡ ಮರದಲ್ಲೂ ಆಳವಾದ ಬಿರುಕಿಲ್ಲ. ಒಣಗಿದ ಬೀಚ್ ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಬರ್ಚ್‌ನ ಬಿಳಿ ತೊಗಟೆ ಪದರ ಪದರವಾಗಿ ಏಳುತ್ತದೆ, ಅದನ್ನು ಎತ್ತಿಡು, ಎಣ್ಣೆ ಅಂಶ ಇರುವುದರಿಂದ ಬೆಂಕಿ ಹಚ್ಚಲು ಅದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಬರ್ಚ್ ದಿಮ್ಮಿಯನ್ನು ಸೀಳದೆ ಬಿಟ್ಟರೆ ತೊಗಟೆ ನೀರು ಹೊರಗೆ ಬಿಡುವುದಿಲ್ಲ, ಹೊರಗೆ ಚೆನ್ನಾಗಿ ಕಾಣುತ್ತಲೇ ಒಳಗೆ ಕೊಳೆಯುತ್ತದೆ. ತಂದ ದಿನವೇ ಸೀಳು.

ನನಗೆ ಇಷ್ಟದ್ದು ಸೇಬಿನ ಮರ. ಹೆರ್‌ಫರ್ಡ್‌ಶೈರ್ ತುಂಬಾ ಸೈಡರ್ ಅನ್ನುವ ಮದ್ಯ ಮಾಡುವ ಸೇಬಿನ ತೋಟಗಳು, ಚಳಿಗಾಲದಲ್ಲಿ ನಮ್ಮ ಮರಕಪಾತಿನ ಹಾಗೇ ಇಲ್ಲೂ ಕೊಂಬೆ ಸವರುತ್ತಾರೆ, ಹಳೆ ಮರ ಕಿತ್ತು ಹೊಸದು ನೆಡುತ್ತಾರೆ. ಸೇಬಿನ ಸೌದೆ ಗಟ್ಟಿ, ನಿಧಾನವಾಗಿ ಉರಿಯುತ್ತದೆ, ಪರಿಮಳ ಇದೆ. ಹಳೆ ಕಾಫಿ ಗಿಡದ ಬುಡ ಉರಿಸಿ ಗೊತ್ತಿರುವವಳಿಗೆ ಇದರ ಬೆಲೆ ವಿವರಿಸಬೇಕಾಗಿಲ್ಲ. ಬೇಲಿಯ ಹಾಥಾರ್ನ್ ಕೂಡ ಹಾಗೇ, ಮುಳ್ಳು ಜಾಸ್ತಿ, ದಪ್ಪ ಕೈಗವಸು ಬೇಕು, ಶಾಖ ಮಾತ್ರ ಭರ್ಜರಿ.

ಹೊಳೆ ಬದಿಯ ವಿಲೋ ಮತ್ತು ಪಾಪ್ಲರ್ ಬಿಟ್ಟಿ ಸಿಕ್ಕರೂ ನಾನು ಹೊತ್ತು ತರುವುದಿಲ್ಲ. ಹಸಿಯಲ್ಲಿ ನೀರಿನ ಭಾರ, ಒಣಗಿದರೆ ನಮ್ಮ ಹಾಲುವಾಣದಷ್ಟೇ ಹಗುರ, ಹಾಕಿದ್ದು ಹಾಕಿದಲ್ಲೇ ಬೂದಿ. ಪೈನ್, ಲಾರ್ಚ್ ಚೆನ್ನಾಗಿ ಒಣಗಿದ್ದರೆ ತೊಂದರೆ ಇಲ್ಲ, ಪುಳ್ಳೆಗೆ ಒಳ್ಳೆಯದು. ಯೂ ಮರ ಮುಟ್ಟಬೇಡ, ಎಲೆ, ಬೀಜ, ತೊಗಟೆ ಎಲ್ಲ ವಿಷ. ದಿಮ್ಮಿಗೆ ಸುತ್ತಿರುವ ಐವಿ ಬಳ್ಳಿಯನ್ನು ಕೈಗವಸು ಹಾಕಿ ಕಿತ್ತುಹಾಕು. ಹೊಳೆಗೇರಿನ ಹಾಲಿನಷ್ಟು ಕೆಟ್ಟದ್ದಲ್ಲ, ಆದರೂ ಕೆಲವರಿಗೆ ಮೈ ತುರಿಸುತ್ತದೆ.

ಕಟ್ಟಡದ ಮರ ಬಿಟ್ಟಿ ಸಿಗುತ್ತದೆ ಅಂತ ತರುವವರು ತುಂಬಾ. ಬಣ್ಣ ಬಳಿದದ್ದು, ಪ್ಲೈವುಡ್, ಎಂಡಿಎಫ್, ಹಸಿರು ಛಾಯೆ ಇರುವ ಬೇಲಿ ಕಂಬ, ಹಳೆ ರೈಲ್ವೆ ಸ್ಲೀಪರ್, ಇವು ಯಾವುದೂ ಬೇಡ. ಹಳೆಯ ಬೇಲಿ ಕಂಬದಲ್ಲಿ ಆರ್ಸೆನಿಕ್ ಇರಬಹುದು, ಹಳೆ ಬಣ್ಣದಲ್ಲಿ ಸೀಸ ಇರಬಹುದು, ಮನೆಯೊಳಗೆ ಮಕ್ಕಳು ಇರುತ್ತಾರೆ. ಪ್ಯಾಲೆಟ್ ಆದರೆ ಮುದ್ರೆ ನೋಡು: ಎಚ್‌ಟಿ ಅಂದರೆ ಬರೀ ಬಿಸಿ ಮಾಡಿದ್ದು, ಬಣ್ಣ, ಎಣ್ಣೆ ಚೆಲ್ಲಿಲ್ಲದಿದ್ದರೆ ಪುಳ್ಳೆಗೆ ಆಗುತ್ತದೆ. ಎಂಬಿ ಅಂತ ಇದ್ದರೆ ಮಿಥೈಲ್ ಬ್ರೋಮೈಡ್ ಹೊಗೆ ಕೊಟ್ಟದ್ದು, ಅಲ್ಲೇ ಬಿಡು.

ತಂದದ್ದನ್ನು ಮುಂಗೈ ದಪ್ಪಕ್ಕೆ ಸೀಳಿ, ನೆಲಕ್ಕೆ ತಾಗದಂತೆ ಪ್ಯಾಲೆಟ್ ಮೇಲೆ ಜೋಡಿಸು. ಮೇಲೆ ಮಾತ್ರ ಮುಚ್ಚು, ಬದಿಗೆ ಗಾಳಿ ಆಡಲಿ. ಪೂರ್ತಿ ಟಾರ್ಪಾಲು ಸುತ್ತಿದರೆ ಬೂಸ್ಟು ಹಿಡಿಯುತ್ತದೆ. ಊರಿನಲ್ಲಿ ಒಲೆ ಮೇಲಿನ ಅಟ್ಟದಲ್ಲಿ ಒಣಗಿಸುತ್ತಿದ್ದೆವು, ಇಲ್ಲಿ ಸ್ಟವ್‌ಗೆ ಒತ್ತಿಕೊಂಡು ಸೌದೆ ಜೋಡಿಸಬೇಡ, ಹೊತ್ತಿಕೊಳ್ಳುತ್ತದೆ. ನೀರಿನಂಶ ಅಳೆಯುವ ಮೀಟರ್ ಒಂದು ತೆಗೆದುಕೋ, ದುಬಾರಿ ಅಲ್ಲ. ಹೊರಗಿನ ಮುಖಕ್ಕೆ ಚುಚ್ಚಿದರೆ ಸುಳ್ಳು ಹೇಳುತ್ತದೆ, ಆಗಷ್ಟೇ ಸೀಳಿದ ಒಳಮುಖಕ್ಕೆ ಚುಚ್ಚು. ಮೀಟರ್ ಇಲ್ಲದಿದ್ದರೆ ಎರಡು ತುಂಡು ಒಂದಕ್ಕೊಂದು ಬಡಿದು ನೋಡು. ಒಣಗಿದ್ದು ಟಣ್ ಅನ್ನುತ್ತದೆ, ಹಸಿ ದಪ್ ಅನ್ನುತ್ತದೆ.

ನಿನ್ನ ಹಿತ್ತಲ ರಾಶಿಗೂ ಇದೇ ಪರೀಕ್ಷೆ. ಆದರೆ ಒಂದೇ ಸಲ ಎಳೆದು ಚೆಲ್ಲಬೇಡ. ನವೆಂಬರ್‌ನಿಂದ ಮಾರ್ಚ್‌ವರೆಗೆ ಇಂಥ ರಾಶಿಯ ಕೆಳಗೆ ಹೆಜ್‌ಹಾಗ್ ಮಲಗಿರುತ್ತದೆ, ಸಣ್ಣ ಮುಳ್ಳಿನ ಪ್ರಾಣಿ, ಪಾಪದ್ದು. ಮೇಲಿನಿಂದ ಒಂದೊಂದೇ ತೆಗೆ, ಕೆಳಗೆ ಒಣ ಎಲೆಯ ಗೂಡು ಕಂಡರೆ ಆ ಮೂಲೆಯನ್ನು ಏಪ್ರಿಲ್‌ವರೆಗೆ ಹಾಗೇ ಬಿಡು. ಯಾವ ಮರ ಅಂತ ಗೊತ್ತಾಗದಿದ್ದರೆ ತೊಗಟೆ ಮತ್ತು ಸೀಳಿದ ಮುಖ ಎರಡರ ಫೋಟೋನೂ ಹಾಕು, ಬರೀ ದೂರದಿಂದ ತೆಗೆದ ರಾಶಿಯ ಫೋಟೋದಲ್ಲಿ ಏನೂ ಹೇಳಲು ಆಗುವುದಿಲ್ಲ.